ಅರಗು ತೆಗೆದ ತೂಕ

"ಫ್ಯಾನ್ ಹಾಕಬೇಡಿ ಬೆಹೆನ್, ತಕ್ಕಡಿ ನಿಲ್ಲಲ್ಲ" ಎಂದು ಹಸ್ಮುಖ್‌ಭಾಯ್ ಹಿಂದಿಯಲ್ಲಿ ಮೂರನೆಯ ಸಲ ಹೇಳಿದಾಗ ನಳಿನಿ ಸ್ವಿಚ್ಚಿನ ಮೇಲಿಂದ ಕೈ ತೆಗೆದಳು. ಮೇ ತಿಂಗಳ ಅಹಮದಾಬಾದು. ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು.

ಅಮ್ಮನ ಉಯಿಲು ಎರಡೇ ಸಾಲಿನದು: ವಸ್ತ್ರಾಪುರದ ಈ ಫ್ಲ್ಯಾಟು, ಒಳಗಿರುವುದೆಲ್ಲ, ಮಗಳಿಗೂ ಮಗನಿಗೂ ಸಮಪಾಲು. ಕೋರ್ಟಿಗೆ ಸಾಮಾನಿನ ಪಟ್ಟಿ ಬೆಲೆಸಮೇತ ಬೇಕು ಎಂದು ವಕೀಲರು ಹೇಳಿದಾಗ, ತಮ್ಮ ಮಹೇಶ "ಅಂದಾಜಿಗೆ ನಾವೇ ಬರೆದುಬಿಡೋಣ ಅಕ್ಕ" ಎಂದಿದ್ದ. ಒಪ್ಪದವಳು ನಳಿನಿಯೇ. ವಡೋದರದಿಂದಲೇ ಫೋನು ಮಾಡಿ ಈ ಮೌಲ್ಯಮಾಪಕರನ್ನು ಗೊತ್ತುಮಾಡಿದ್ದಳು. ಒಂದು ಚಮಚವನ್ನೂ ಬಿಡಬಾರದು ಎಂದಿದ್ದಳು.

ಚಮಚಗಳು ಮುಗಿದು ಈಗ ವರಮಹಾಲಕ್ಷ್ಮಿಯ ಬೆಳ್ಳಿ ಮುಖದ ಸರದಿ. ಬ್ಯಾಂಕಿನವರು ಅಪ್ಪನನ್ನು ಎಲ್ಲಿಗೆ ಎತ್ತಿಹಾಕಿದರೂ ಅಮ್ಮ ಇದೊಂದನ್ನು ಲಾರಿಗೆ ಹಾಕದೆ, ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಬರುತ್ತಿದ್ದಳು. ಶ್ರಾವಣದಲ್ಲಿ ಕಲಶದ ತೆಂಗಿನಕಾಯಿಗೆ ಕಟ್ಟಿ ಕಾಡಿಗೆಯಿಂದ ಕಣ್ಣು ತಿದ್ದುತ್ತಿದ್ದಳು. ಈ ಶ್ರಾವಣಕ್ಕೆ ತಾನು ಕೂರಿಸಬೇಕೆಂದು ನಳಿನಿ ಯಾರಿಗೂ ಹೇಳದೆ ಅಂದುಕೊಂಡಿದ್ದಳು. ಎಡಗಣ್ಣಿನ ಅಂಚಿನಲ್ಲಿ ಹೋದ ವರ್ಷದ ಕಾಡಿಗೆ ಇನ್ನೂ ಇತ್ತು.

ಹಸ್ಮುಖ್‌ಭಾಯ್ ಹಿಂಬದಿಯನ್ನು ಉಗುರಿನಿಂದ ಕುಟ್ಟಿದರು. "ಒಳಗೆ ಅರಗು ತುಂಬಿದ್ದಾರೆ. ತೆಗೆಯದೆ ಬೆಳ್ಳಿ ಎಷ್ಟು ಅಂತ ಹೇಳೋಕಾಗಲ್ಲ."

"ಅದೊಂದು ಬಿಟ್ಟುಬಿಡಿ."

"ಬಿಟ್ಟರೆ ನಾನು ಸಹಿ ಹಾಕಲ್ಲ ಬೆಹೆನ್."

ನಳಿನಿ ತಮ್ಮನ ಕಡೆ ತಿರುಗಿದಳು. "ಅರಗು ತೆಗೆದ್ರೆ ಬರೀ ತಗಡು ಕಣೋ ಅದು. ಅಂದಾಜಿಗೆ ಏನೋ ಒಂದು ಬರೆಸು."

"ಅಂದಾಜಾ?" ಮಹೇಶ ನಕ್ಕ. "ನನ್ನ ಅಂದಾಜು ನಿಂಗಾಗಲ್ವಲ್ಲಕ್ಕ. ಚಮಚಾನೂ ಬಿಡಬಾರದು ಅಂದೋಳು ನೀನು. ಇದು ಚಮಚಕ್ಕಿಂತ ದೊಡ್ಡದಾಗೇ ಇದೆ."

ನನಗದು ಬೇಕು ಎಂದುಬಿಡಬೇಕೆನಿಸಿತು. ಬೆಳಗಿನಿಂದ ಲೋಟ, ತಟ್ಟೆ, ದೀಪದ ಕಂಬಗಳನ್ನೆಲ್ಲ ತೂಗಿಸಿದ ಮೇಲೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಬೆವರು ಒರೆಸಿಕೊಂಡಳು.

ಸಣ್ಣ ಗ್ಯಾಸ್ ಟಾರ್ಚಿನ ಉರಿ ಬೆಳ್ಳಿಯ ಮೇಲೆ ಆಡಿತು. ಕಾಡಿಗೆ ಸುಟ್ಟುಹೋಯಿತು. ಅಂಚು ಸಡಿಲವಾಗಿ ಅರಗು ಇಡಿಯಾಗಿ ಕಳಚಿಕೊಂಡಿತು. ಬರಿದಾದ ಮುಖವನ್ನು ತಕ್ಕಡಿಗಿಡುವಾಗ ಹಸ್ಮುಖ್‌ಭಾಯ್ ಹಿಡಿದ ಇಕ್ಕುಳಕ್ಕೇ ಒಂದು ಕೆನ್ನೆ ಒಳಗೆ ಹೋಯಿತು.

"ಅರವತ್ತೊಂದು ಗ್ರಾಂ" ಎಂದು ಅವರು ಬರೆದುಕೊಂಡರು.

ಮಹೇಶ ಆ ಕೆನ್ನೆಯನ್ನು ನೋಡಿದ. ನಗು ನಿಂತಿತ್ತು. "ಅಕ್ಕ... ನೀನೇ ಇಟ್ಕೊತೀಯೇನೆ ಇದನ್ನ?"

ಅವಳ ಕಣ್ಣು ಕಳಚಿಬಿದ್ದ ಅರಗಿನ ಮೇಲಿತ್ತು.

ಹಸ್ಮುಖ್‌ಭಾಯ್ ಅರಗಿನ ಗಟ್ಟಿಯನ್ನು ಹಳೇ ಪೇಪರಿನ ಮೇಲೆ ಅವಳತ್ತ ಸರಿಸಿದರು. "ಇದು ಪಟ್ಟಿಗೆ ಬರಲ್ಲ. ಎಸೆದುಬಿಡಿ."

ನಳಿನಿ ಅದನ್ನು ಎತ್ತಿಕೊಂಡಳು. ಕಪ್ಪು ಅರಗಿನಲ್ಲಿ ಮೂಗು, ಮುಚ್ಚಿದ ತುಟಿ, ಎರಡು ಕಣ್ಣಿನ ಉಬ್ಬು ಹಾಗೇ ಇದ್ದವು. ಇನ್ನೂ ಬಿಸಿಯಿತ್ತು, ಮೆತ್ತಗಿತ್ತು. ಮಹೇಶ ಎದ್ದು ಹೋಗಿ ಫ್ಯಾನ್ ಹಾಕಿದ. ಬೆರಳ ಗುರುತು ಮೂಡೀತೆಂದು ಅವಳು ಅಂಗೈಯನ್ನು ಮಡಿಸದೆ, ಅದು ಆರುವವರೆಗೂ ಹಾಗೇ ಚಾಚಿ ನಿಂತಳು.