ತೈ ಕಳೆಯಲಿ

ಹಿತ್ತಾಳೆ ಅಂಡೆಯ ಹೊಟ್ಟೆಯಲ್ಲಿ ದೇವಾನೈಯ ಮುಖ ಅಗಲವಾಗಿ ಕಾಣುತ್ತಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದಷ್ಟೂ ಅಗಲ, ಮಗಳು ಉಮೈಯಾಳ್‌ಗೆ ಮದುವೆಯಲ್ಲಿ ಕೊಡುವ ಪಾತ್ರೆಗಳು ಕಾರೈಕುಡಿಯ ಈ ಪಡಸಾಲೆಯ ತುಂಬ ಸಾಲುಗಟ್ಟಿ ನಿಂತಿವೆ, ಬೀಗಿತ್ತಿ ನೋಡಲು ಬರುತ್ತಾಳೆ, ಆಗ ದೇವಾನೈ ಕೆಮ್ಮಬಾರದು — ಕೆಮ್ಮಬಾರದಂತೆ! ಗಂಡನ ಅಕ್ಕ ವಳ್ಳಿಯಮ್ಮೈ ಬೆಳಿಗ್ಗೆಯೇ ಹೇಳಿದ್ದಾಳೆ, ಬಂತು ಅನ್ನಿಸಿದರೆ ಹಿತ್ತಿಲಿಗೆ ಹೋಗಿ ಕೆಮ್ಮು ತಾಯಿ, ಯಾರಾದರೂ ಕೇಳಿದರೆ ಪಾತ್ರೆಯ ಧೂಳು ಅಂತೀನಿ. ಧೂಳು! ಮಧುರೈ ಡಾಕ್ಟರು ಪರದೆಯ ಮೇಲೆ ತೋರಿಸಿದ್ದು ಧೂಳೇನು? ಎಡ ಶ್ವಾಸಕೋಶದ ಕಪ್ಪಿನಲ್ಲಿ ಒಂದು ಬಿಳಿಯ ನೆಗ್ಗಿಲು ಮುಳ್ಳು, ನೋಡಮ್ಮಾ, ಇಂಥ ಗಂಟೆಲ್ಲ ಕ್ಯಾನ್ಸರೇ ಆಗಬೇಕಿಲ್ಲ, ಸುಮಾರು ಜನರಿಗೆ ಅದು ಹಳೆಯ ಸೋಂಕಿನ ಗುರುತಷ್ಟೆ, ಸುಮ್ಮನೆ ಕಾದು ನೋಡ್ತೀವಿ, ಆದರೆ ನಿಮ್ಮದು ಹೋದ ವರ್ಷದ ಸ್ಕ್ಯಾನಿಗಿಂತ ಬೆಳೆದಿದೆ, ಅಂಚು ಮುಳ್ಳಾಗಿದೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಬಿಡೋಣ, ಕೆಟ್ಟದ್ದೇ ಆಗಿದ್ದರೂ ಈಗಲಾದರೆ ಅಷ್ಟು ಭಾಗ ಕತ್ತರಿಸಿ ತೆಗೆಯಬಹುದು — ಅವರು ಹೇಳಿದ್ದು ಅವಳ ಮುಖ ನೋಡಿ, ಉತ್ತರ ಕೊಟ್ಟವನು ಗಂಡ ಚೊಕ್ಕಲಿಂಗಂ, ತೈ ತಿಂಗಳಲ್ಲಿ ಮಗಳ ಮದುವೆ ಸಾರ್, ಅದು ಕಳೀಲಿ, ಆಮೇಲೆ ಬರ್ತೀವಿ, ಮನೆಗೆ ಸುಣ್ಣ ಬಳಿಸುವ ಮಾತಾಡಿದ ಹಾಗೆ! ಅವಳು ಬಾಯಿ ತೆರೆದಿದ್ದಳು, ಸರಿಯಾದ ಶಬ್ದ ಹುಡುಕುತ್ತಿದ್ದಳು, ಯಾವಾಗಲೂ ಇದೇ ಕಥೆ, ಶಬ್ದ ಸಿಗುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿದ್ದ. ಬಸ್ಸಿನಲ್ಲಿ ಪಿಸುಗುಟ್ಟಿದ, ತಾಯಿಗೆ ಆ ರೋಗ ಅಂತ ಗೊತ್ತಾದರೆ ಮಗಳನ್ನ ಯಾರೇ ತಗೋತಾರೆ? ತಗೋತಾರಂತೆ, ಅವಳೇನು ಅಂಡೆಯೇ? ಆ ಮುಳ್ಳಿಗೆ ತೈ ಗೊತ್ತೇ, ಮುಹೂರ್ತ ಗೊತ್ತೇ, ಹೀಗೆ ತಿಕ್ಕುತ್ತ ಕೂತ ಹೊತ್ತಿನಲ್ಲೂ ಅದು ಬಲಿಯುತ್ತಿರಬಹುದು, ಹೊಳೆಯಲಿ ಪಾತ್ರೆ, ಚೆನ್ನಾಗಿ ಹೊಳೆಯಲಿ!

ಬಂದಳು ಬೀಗಿತ್ತಿ, ಅಂಡೆಯನ್ನು ಬೆರಳಿನಿಂದ ಬಡಿದು ನೋಡುತ್ತಾಳೆ, ಗಟ್ಟಿಯಾಗಿದೆ ಬಿಡಿ, ಇದನ್ನ ಎತ್ತೋಕೆ ಸೊಸೆ ಜೊತೆ ಒಬ್ಬ ಪೈಲ್ವಾನನ್ನೂ ಕಳಿಸಿಕೊಡಿ, ಎಲ್ಲರೂ ನಕ್ಕರು, ಅವಳಿಗೂ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು, ನಿಲ್ಲದ ಕೆಮ್ಮು, ಇದೇನಮ್ಮಾ ಹೀಗೆ, ಧೂಳು ಧೂಳು, ವಳ್ಳಿಯಮ್ಮೈ ಆಗಲೇ ಶುರು, ಅಟ್ಟದ ಮೇಲೇ ಬಿದ್ದಿತ್ತಲ್ಲ ಎಲ್ಲಾ — ಧೂಳಲ್ಲ, ಯಾರು ಅಂದದ್ದು, ಅವಳೇ, ಬೀಗಿತ್ತಿಯತ್ತ ತಿರುಗಿ ಧೂಳಲ್ಲ ಆಚ್ಚಿ, ಶ್ವಾಸಕೋಶದಲ್ಲಿ ಗಂಟಿದೆ, ಏನು ಗಂಟೋ ಇನ್ನೂ ಗೊತ್ತಿಲ್ಲ, ಸೋಮವಾರ ಮಧುರೈಗೆ ಹೋಗಿ ಸೂಜಿ ಹಾಕಿಸಿಕೊಳ್ತೀನಿ, ಇವರು ಬರದಿದ್ದರೆ ಒಬ್ಬಳೇ ಹೋಗ್ತೀನಿ. ಬೀಗಿತ್ತಿಯ ಬೆರಳು ಗಾಳಿಯಲ್ಲೇ, ಕಂಬಕ್ಕೆ ಒರಗಿ ನಿಂತಿದ್ದ ಚೊಕ್ಕಲಿಂಗಂ ನೆಲ ನೋಡುತ್ತಾನೆ, ನೋಡಲಿ, ಬಾಗಿಲಲ್ಲಿ ಉಮೈಯಾಳ್, ಅಮ್ಮಾ, ಯಾವಾಗಿಂದ, ನನಗ್ಯಾಕೆ ಹೇಳಲಿಲ್ಲ, ಹೇಳಬೇಕು, ಅವಳಿಗೆ ಎಲ್ಲ ಹೇಳಬೇಕು, ಎಲ್ಲಿಂದ ಶುರು ಮಾಡಲಿ, ಕಪ್ಪು, ಕಪ್ಪಿನಲ್ಲಿ ಬಿಳಿ, ಬಿಳಿಯ ಸುತ್ತ ಮುಳ್ಳು, ಮುಳ್ಳು