ತಲೆಯ ಕಡೆಯ ಹಗ್ಗ

ಕಡಲ ದಡದ ನಮ್ಮ ವಿನ್‌ಹೇವನ್ ಊರಿನಲ್ಲಿ ಯಾರೇ ಸತ್ತರೂ ಗಂಡಸರು ಸ್ಮಶಾನಕ್ಕೆ ಹೋಗುತ್ತಾರೆ, ಹೆಂಗಸರು ನನ್ನ ಟೀ ರೂಮಿಗೆ ಬರುತ್ತಾರೆ. ಅಲ್ಲಿ ಅವರು ಮಣ್ಣು ಮಾಡಿ ಬರುವಷ್ಟರಲ್ಲಿ ಇಲ್ಲಿ ನಾವು ಬ್ರೆಡ್ಡಿಗೆ ಬೆಣ್ಣೆ ಸವರಿ, ಸ್ಕೋನ್ ಎಂಬ ಸಣ್ಣ ಬನ್ನು ಬೇಯಿಸಿ, ಕೆಟಲ್ ಕುದಿಸಿ ಇಟ್ಟಿರಬೇಕು. ನನ್ನ ಗಂಡನನ್ನು ಹೂಳುವಾಗಲೂ ನಾನು ಇದೇ ಕೌಂಟರಿನ ಹಿಂದೆ ನಿಂತು ಬೆಣ್ಣೆ ಸವರುತ್ತಿದ್ದೆ. ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಮೈಸಿ ಸಾಯುವವರೆಗೆ ಈ ಪದ್ಧತಿಯ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ.

ಮೈಸಿ ಫ್ಲೆಟ್‌ಳ ಅಂಗಡಿ ನನ್ನ ಟೀ ರೂಮಿಗೆ ಅಂಟಿಕೊಂಡೇ ಇತ್ತು. ಬಂದರಿನ ಕಡೆಗೆ ಮುಖ, ಕೈಯಗಲದ ಕಿಟಕಿ. ಅದರೊಳಗೆ ಏನುಂಟು ಏನಿಲ್ಲ! ಉಣ್ಣೆಯ ಉಂಡೆ, ಪುದೀನ ಮಿಠಾಯಿ, ಸೀಮೆಎಣ್ಣೆ, ಶೂ ಲೇಸು, ಬೇಸಿಗೆಯಲ್ಲಿ ಬರುವ ಮಕ್ಕಳಿಗೆ ಮರಳಾಡಲು ಬಕೆಟ್ಟು. ಬೇಕಾದದ್ದು ಎಲ್ಲಿದೆ ಎಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಹುಡುಕಿ ಹುಡುಕಿ ಸುಸ್ತಾಗಿ, ಬೇರೆ ಏನನ್ನೋ ಕೊಟ್ಟು ಕಳಿಸುತ್ತಿದ್ದಳು, ಜನ ಅದನ್ನೇ ತೆಗೆದುಕೊಂಡು ಹೋಗುತ್ತಿದ್ದರು. ಆ ಅಂಗಡಿಯ ವಾಸನೆ ನನಗೆ ಎಷ್ಟು ಇಷ್ಟವಾಗಿತ್ತೆಂದು ಅವಳಿದ್ದಾಗ ಒಂದು ಸಲವೂ ಹೇಳಲಿಲ್ಲ. ಹೇಳಿದ್ದೆಲ್ಲ ಬೈಗುಳವೇ. ಇಲಿ ಕೂಡ ದಾರಿ ತಪ್ಪುತ್ತದೆ ಇಲ್ಲಿ ಎನ್ನುತ್ತಿದ್ದೆ. ತಪ್ಪಿದ ಇಲಿಯೆಲ್ಲ ನಿನ್ನ ಸ್ಕೋನ್ ತಿಂದು ಸತ್ತುಹೋಗಿವೆ ಬಿಡೇ ಎನ್ನುತ್ತಿದ್ದಳು.

ನಮ್ಮಿಬ್ಬರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಆ ಬಾಗಿಲಿನಿಂದ ಅವಳು ತನ್ನದೇ ಕಪ್ಪು ಹಿಡಿದುಕೊಂಡು ಬರುತ್ತಿದ್ದಳು. ನನ್ನ ಅಡುಗೆಕೋಣೆಯ ಮೂಲೆಯಲ್ಲಿ ಕೂತು ಕಾಲುಚೀಲ ಬಿಚ್ಚುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಕೌಂಟರಿನ ಹಿಂದೆ ನಿಂತೇ ಸವೆದ ಕಾಲು. ಸಂಜೆಯ ಹೊತ್ತಿಗೆ ಊದಿ ಹಿಟ್ಟಿನ ಮುದ್ದೆಯ ಹಾಗಾಗುತ್ತಿದ್ದವು. ನಾನು ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ಇಡುತ್ತಿದ್ದೆ. ಆಮೇಲೆ ಎರಡೂ ಕಾಲುಗಳನ್ನು ನನ್ನ ಮಡಿಲ ಮೇಲಿಟ್ಟುಕೊಂಡು ಟವೆಲಿನಲ್ಲಿ ಒತ್ತಿ ಒತ್ತಿ ಒರೆಸುತ್ತಿದ್ದೆ. ಅಷ್ಟರಲ್ಲಿ ಅವಳ ಅಂಗಡಿಯ ಬಾಗಿಲ ಗಂಟೆ ಕಿಣಿ ಎನ್ನುತ್ತಿತ್ತು. "ಬಿಡೇ ಎಪ್ಪಿ, ಸಾಕು. ಯಾರೋ ಬಂದ್ರು ಅಂಗಡಿಗೆ" ಎಂದು ಕಾಲೆಳೆದುಕೊಂಡು ಬರಿಗಾಲಲ್ಲೇ ಓಡುತ್ತಿದ್ದಳು. ದಿನಾ ಹೀಗೇ. ಆ ಕಾಲು ಪೂರ್ತಿ ಒಣಗಿದ್ದನ್ನು ನಾನು ನೋಡಿಯೇ ಇಲ್ಲ.

ಅವಳಿಗೆ ಒಬ್ಬನೇ ಮಗ, ಗಿಬ್ಬಿ. ಬಾಯಿ ತುಂಬ ನಗು, ಜೇಬು ತುಂಬ ತೂತು. ನನಗೆ ಮಕ್ಕಳಿಲ್ಲ. ಆ ಹುಡುಗ ಬೆಳೆದದ್ದು ಅರ್ಧ ಅವಳ ಅಂಗಡಿಯಲ್ಲಿ, ಅರ್ಧ ನನ್ನ ಒಲೆಯ ಹತ್ತಿರ. ಇಪ್ಪತ್ತು ದಾಟಿದ ಮೇಲೆ ಒಂದು ದಿನ ಅವನು ಹೆರಿಂಗ್ ಮೀನು ಹಿಡಿಯಲು ಹೋದ ದೋಣಿ ತಿರುಗಿ ಬರಲಿಲ್ಲ. ಉಳಿದವರ ಹೆಣ ಒಂದೊಂದಾಗಿ ದಡಕ್ಕೆ ಬಂದವು, ಇವನದು ಬರಲಿಲ್ಲ. ಹೆಣವಿಲ್ಲದ ಮೇಲೆ ಪೆಟ್ಟಿಗೆಯಿಲ್ಲ, ಪೆಟ್ಟಿಗೆಯಿಲ್ಲದ ಮೇಲೆ ಹಗ್ಗವಿಲ್ಲ.

ಆ ಹಗ್ಗದ ವಿಷಯ ಹೇಳಬೇಕು, ಈ ಕಥೆಯೆಲ್ಲ ಅದರದೇ. ನಮ್ಮಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಮನೆಯವರು, ಹತ್ತಿರದವರೇ. ಎಂಟು ಹಗ್ಗ, ಒಬ್ಬೊಬ್ಬರಿಗೆ ಒಂದು. ಯಾರು ಯಾವುದನ್ನು ಹಿಡಿಯಬೇಕೆಂದು ಅಂಕಿ ಬರೆದ ಚೀಟಿಯನ್ನು ಮೊದಲೇ ಹಂಚುತ್ತಾರೆ. ಒಂದನೆಯದು ತಲೆಯ ಕಡೆಯದು, ಅದು ಹಿರಿಯ ಮಗನದು. ಎರಡನೆಯದು ಕಾಲ ಕಡೆಯದು. ಇಳಿಸಿದ ಮೇಲೆ ಹಗ್ಗವನ್ನೂ ಪೆಟ್ಟಿಗೆಯ ಮೇಲೆ ಬಿಟ್ಟುಬಿಡುತ್ತಾರೆ. ಚೀಟಿ ಬಂತೆಂದರೆ ಸತ್ತವರಿಗೆ ನೀನು ಬೇಕಾಗಿದ್ದೆ ಎಂದರ್ಥ, ಬರದಿದ್ದರೆ ಜನ್ಮದ ಜಗಳ. ಹೆಂಗಸರಿಗೆ ಚೀಟಿ ಬರುತ್ತಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ.

ಒಂದು ಮಧ್ಯಾಹ್ನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಮೈಸಿ ಹೇಳಿದಳು, "ನನ್ ತಲೆ ಹತ್ರದ ಹಗ್ಗ ಗಿಬ್ಬೀದು ಕಣೇ."

"ಹೂಂ" ಎಂದೆ.

"ಅವನಿಲ್ವಲ್ಲ. ನೀನ್ ಹಿಡಿ."

"ನಿನಗೇನ್ ತಲೆ ಕೆಟ್ಟಿದ್ಯಾ? ಹೆಂಗಸರು ಅಲ್ಲಿಗೆ ಹೋಗ್ತಾರೇನೇ?"

"ನೀನ್ ಯಾವತ್ತು ಯಾರ ಮಾತು ಕೇಳಿದೀಯ? ಇದೊಂದಕ್ಕೆ ಊರಿನ ಮಾತು ಕೇಳೋಕೆ ಹೊರಟುಬಿಟ್ಯಾ?" ನೀರಿನಲ್ಲಿ ಕಾಲ್ಬೆರಳಾಡಿಸಿದಳು. "ಅವನಿಗೆ ಯಾರೂ ಹಿಡೀಲಿಲ್ಲ ಎಪ್ಪಿ. ಅವನ ಜಾಗದಲ್ಲಿ ಗೊತ್ತಿಲ್ಲದೋರು ನಿಂತ್ಕೊಳ್ಳೋದು ಬೇಡ. ಅವನಿಗೆ ಅನ್ನ ಹಾಕಿದೋಳು ನೀನು."

ಆಗಲಿ, ಹಿಡೀತೀನಿ ಎಂದೆ. ಅಷ್ಟರಲ್ಲಿ ಗಂಟೆ ಕಿಣಿ ಎಂದಿತು, ಅವಳು ಓಡಿದಳು.

ಮೈಸಿ ಹೋದದ್ದು ಎಪ್ಪತ್ತೆಂಟನೇ ಇಸವಿಯ ಫೆಬ್ರವರಿಯಲ್ಲಿ. ಬೆಳಿಗ್ಗೆ ಗೋಡೆಯಾಚೆ ಕೆಟಲಿನ ಸದ್ದಿರಲಿಲ್ಲ. ಕಿಟಕಿಯ ಪರದೆ ಏರಿರಲಿಲ್ಲ. ಸಣ್ಣ ಬಾಗಿಲು ತಳ್ಳಿ, ಅಂಗಡಿ ದಾಟಿ ಒಳಮನೆಗೆ ಹೋದೆ. ಹಾಸಿಗೆಯ ಮೇಲೆ ಕೂತಿದ್ದಳು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದಳು, ಇನ್ನೊಂದು ಚೀಲ ಕೈಯಲ್ಲೇ ಇತ್ತು. ಮುಟ್ಟಿದೆ, ತಣ್ಣಗಿದ್ದಳು. ಆ ಇನ್ನೊಂದು ಚೀಲವನ್ನು ನಾನು ಹಾಕಿದೆ. ಆಮೇಲೆ ಜನರನ್ನು ಕೂಗಿದೆ.

ಅವಳ ಗಂಡನ ಅಣ್ಣನ ಮಗ ನಾರ್ಮನ್ ಅಬರ್ಡೀನ್ ಪಟ್ಟಣದಿಂದ ಬಂದ. ಕೆಟ್ಟವನೆಂದು ಹೇಳುವ ಹಾಗಿಲ್ಲ. ಕ್ರಿಸ್‌ಮಸ್ಸಿಗೆ ತಪ್ಪದೆ ಒಂದು ಕಾರ್ಡು ಕಳಿಸುತ್ತಿದ್ದ, ಅಷ್ಟೇ. ನನ್ನ ಟೀ ರೂಮಿನ ಕಿಟಕಿಯ ಹತ್ತಿರ ಕೂತು ಅಚ್ಚುಕಟ್ಟಾಗಿ ಚೀಟಿಗಳನ್ನು ಬರೆಯುತ್ತಿದ್ದ. ಒಲೆಯ ಪಕ್ಕದ ಮೇಜಿನಲ್ಲಿ ಮುದುಕ ಎಕ್ ಇದ್ದ. ಎಕ್ ಎಂದರೆ ಎಂಬತ್ತರ ಹತ್ತಿರದ ಹಳೇ ಬೆಸ್ತ, ಗಿಬ್ಬಿಗೆ ದೋಣಿ ಹಿಡಿಯಲು ಕಲಿಸಿದವನು. ದಿನಾ ಬಂದು ಒಂದು ಸ್ಕೋನ್ ತೆಗೆದುಕೊಂಡು ಎರಡು ಗಂಟೆ ಕೂರುವವನು.

"ಮಿಸೆಸ್ ಮೇರ್, ಶುಕ್ರವಾರ ಮಣ್ಣಾದ ಮೇಲಿನ ಟೀ ನಿಮ್ದೇ ಅಲ್ವಾ?" ಎಂದ ನಾರ್ಮನ್ ನನ್ನ ಕಡೆ ತಿರುಗಿ. "ಚೆನ್ನಾಗಿರ್ಲಿ. ಸ್ಯಾಂಡ್‌ವಿಚ್ಚು, ಹಂದಿಮಾಂಸ..."

ಎಕ್ ಥಟ್ಟನೆ ಕೈ ಚಾಚಿ ಒಲೆಯ ಕಬ್ಬಿಣ ಮುಟ್ಟಿದ. ಕಡಲಿಗೆ ಹೋಗುವವರ ಮುಂದೆ ಆ ಪ್ರಾಣಿಯ ಹೆಸರೆತ್ತಬಾರದು, ಎತ್ತಿದರೆ ಕೇಡು, ಕಬ್ಬಿಣ ಮುಟ್ಟಿ ಕಳೆದುಕೊಳ್ಳಬೇಕು. ತಿನ್ನಬಹುದು, ಹೆಸರು ಹೇಳುವ ಹಾಗಿಲ್ಲ. ಪಾಪ, ನಾರ್ಮನ್‌ಗೆ ಅದೂ ಗೊತ್ತಿಲ್ಲ.

"ಟೀ ಕೊಡ್ತೀನಿ" ಎಂದೆ. "ನನಗೊಂದು ಚೀಟಿ ಬೇಕು. ಒಂದನೇದು."

ಅವನು ಪೆನ್ನು ಕೆಳಗಿಟ್ಟ. "ಅದು ಮನೆಯ ಗಂಡಸರದು. ನಾನು ಹಿಡೀತೀನಿ."

"ಅವಳು ನನಗೆ ಹಿಡಿ ಅಂದಿದ್ಲು."

"ಇರಬಹುದು. ದುಃಖದಲ್ಲಿ ಜನ ಏನೇನೋ ಹೇಳ್ತಾರೆ. ಆದರೆ ನಿಮ್ಮೂರಲ್ಲಿ ಹೆಂಗಸರು ಸ್ಮಶಾನಕ್ಕೆ ಬರಲ್ಲ ಅಂತ ನಮ್ಮಪ್ಪನೇ ನನಗೆ ಹೇಳಿದ್ರು. ನಾನು ಹೊರಗಿನೋನು. ಇಲ್ಲಿನ ಪದ್ಧತಿ ಮುರಿದೆ ಅಂತ ನಾಳೆ ಜನ ನನ್ನನ್ನ ಆಡ್ಕೋಬಾರದು, ಅಲ್ವಾ?" ಎಕ್ ಕಡೆ ತಿರುಗಿದ. "ನೀವೇ ಹೇಳಿ."

ಎಕ್ ತನ್ನ ಸ್ಕೋನಿಗೆ ಜಾಮ್ ಸವರುತ್ತಿದ್ದ, ಸವರುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನ ಒಲೆಯ ಹತ್ತಿರ ಬೆನ್ನು ಕಾಯಿಸಿಕೊಂಡ ಮುದುಕ, ಒಂದು ಮಾತು ಆಡಬಾರದೇ?

"ನಿನ್ನ ನಾಲಿಗೆ ಬಿದ್ದುಹೋಯ್ತಾ ಎಕ್?" ಎಂದೆ.

"ಪದ್ಧತಿ ಪದ್ಧತೀನೇ ಹುಡುಗಿ" ಎಂದ ಅವನು ತಟ್ಟೆಯಿಂದ ತಲೆಯೆತ್ತದೆ. ನನಗೆ ಆಗ ಅರವತ್ತಮೂರು. ಅವನಿಗೆ ನಾನು ಯಾವತ್ತೂ ಹುಡುಗಿಯೇ. ನಾರ್ಮನ್ ಎರಡನೆಯ ಚೀಟಿಯನ್ನು ಅವನ ಮುಂದಿಟ್ಟ. ಅವನು ಕೈ ಒರೆಸಿಕೊಂಡು ಜೇಬಿಗೆ ಹಾಕಿಕೊಂಡ.

"ಹಾಗಾದ್ರೆ ನಿಮ್ಮ ಟೀ ನೀವೇ ಮಾಡ್ಕೊಳ್ಳಿ" ಎಂದೆ.

"ಬೇಡಾಂದ್ರೆ ಮೇಲಿನ ರಸ್ತೆ ಹೋಟೆಲಿನೋರಿಗೆ ಹೇಳ್ತೀನಿ" ಎಂದ ನಾರ್ಮನ್, ಬೇಸರದಿಂದಲೇ.

ಹೋಟೆಲಿನವರ ಟೀ! ಮೈಸಿಗೆ ಅವರ ಕೇಕೆಂದರೆ ಆಗುತ್ತಿರಲಿಲ್ಲ, ನೆಲ ಒರೆಸುವ ಸ್ಪಂಜು ಅನ್ನುತ್ತಿದ್ದಳು. ಅವಳ ಹೆಸರಿನಲ್ಲಿ ಜನ ಅದನ್ನು ತಿಂದು ಹೋಗುವುದೇ? ಕೋಪ ಬೇರೆ, ಇದು ಬೇರೆ. ಟೀ ನಾನೇ ಮಾಡುತ್ತೇನೆ, ಬೇರೆ ಯಾರೂ ನನ್ನ ಅಡುಗೆಕೋಣೆಗೆ ಕಾಲಿಡಬೇಡಿ ಎಂದು ಹೇಳಿ ಒಳಗೆ ಹೋದೆ. ಒಳಗೆ ಹೋಗಿ ಆ ಬೋಗುಣಿಯ ಮುಂದೆ ಕೂತು ಅತ್ತೆ. ಮಾತು ಕೊಟ್ಟಿದ್ದೆನಲ್ಲ. ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ಎಲ್ಲ ಮೇಜುಗಳಿಗೂ ಬಿಳಿ ಬಟ್ಟೆ ಹಾಕಿದೆ. ಒಳ್ಳೆಯ ಕಪ್ಪು ತೆಗೆದೆ. ಸ್ಕೋನ್, ಜಾಮ್, ಹೆಸರು ಹೇಳಬಾರದ ಮಾಂಸ, ಗಂಡಸರಿಗೆ ಒಂದೊಂದು ಗುಟುಕು ವಿಸ್ಕಿ, ಎಲ್ಲ ಜೋಡಿಸಿ ಮೇಲೆ ಬಟ್ಟೆ ಮುಚ್ಚಿದೆ. ಬಂದರಿನ ಅಂಗಡಿಗಳೆಲ್ಲ ಪರದೆ ಇಳಿಸಿದ್ದವು. ಚರ್ಚಿನಲ್ಲಿ ಪ್ರಾರ್ಥನೆ ಮುಗಿಯಿತು. ಬಾಗಿಲಲ್ಲಿ ಗಂಡಸರು ಗುಡ್ಡದ ಕಡೆ ತಿರುಗಿದರು, ಹೆಂಗಸರು ಬಂದರಿನ ಕಡೆ. ನಾನು ಗಂಡಸರ ಹಿಂದೆ ನಡೆದೆ.

ನನ್ನ ನಾದಿನಿ ಟೀನಾ ಓಡಿಬಂದು ತೋಳು ಹಿಡಿದಳು. "ಎಲ್ಲಿಗೇ ಎಪ್ಪಿ? ನಡಿ, ಕೆಟಲ್ ಇಡಬೇಕು."

"ನೀನೇ ಇಡು. ನೀರು ತುಂಬಿಸಿದೀನಿ."

"ಜನ ನಗ್ತಾರೆ ಕಣೇ."

"ನಗಲಿ. ಇವತ್ತು ಯಾರಾದ್ರೂ ಒಬ್ರು ನಗಲಿ."

ಅವಳು ಕೈ ಬಿಟ್ಟಳು. ಗುಡ್ಡದ ದಾರಿಯಲ್ಲಿ ಕಡಲ ಗಾಳಿ ಮುಖಕ್ಕೆ ರಾಚುತ್ತಿತ್ತು. ಗಂಡಸರು ಒಬ್ಬೊಬ್ಬರೇ ಹಿಂತಿರುಗಿ ನೋಡಿದರು. ಯಾರೂ ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹೆಣ ಹೂಳುವ ಹೊತ್ತಿಗೆ ನಾನು ಸ್ಮಶಾನದ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೂವಿಡಲು ನೂರು ಸಲ ಬಂದಿದ್ದೇನೆ, ಆದರೆ ತೆರೆದ ಗುಂಡಿಯನ್ನು ನೋಡಿರಲಿಲ್ಲ. ಅಷ್ಟು ಆಳ ಇರುತ್ತದೆಂದು ಗೊತ್ತಿರಲಿಲ್ಲ. ತಲೆಯ ಕಡೆ ಕಲ್ಲು. ಕಲ್ಲಿನ ಮೇಲೆ ಅವಳ ಗಂಡನ ಹೆಸರು, ಅದರ ಕೆಳಗೆ ಗಿಬ್ಬಿಯ ಹೆಸರು, ಕಡಲಲ್ಲಿ ಹೋದವನು ಎಂದು.

ಪೆಟ್ಟಿಗೆ ಮಾಡಿದ ಬಡಗಿ ಡಂಕನ್‌ನೇ ನಮ್ಮಲ್ಲಿ ಹಗ್ಗದ ಅಂಕಿಯನ್ನೂ ಕೂಗುವವನು. "ಒಂದು" ಎಂದ. ನಾರ್ಮನ್ ಹೋಗಿ ಕಲ್ಲಿನ ಹತ್ತಿರ ನಿಂತು ಹಗ್ಗ ಹಿಡಿದ. ಬಾಯಿ ತೆರೆದೆ. ಅವಳ ಪೆಟ್ಟಿಗೆಯ ಮುಂದೆ ಜಗಳವಾಡುವುದೇ? ಜೀವಮಾನವೆಲ್ಲ ಜಗಳವಾಡಿದವಳು ನಾನು, ಅವತ್ತು ನನ್ನ ಕೈಲಾಗಲಿಲ್ಲ. ಬಾಯಿ ಮುಚ್ಚಿಕೊಂಡೆ.

"ಎರಡು" ಎಂದ ಡಂಕನ್.

ಎಕ್ ಅಲ್ಲಾಡಲಿಲ್ಲ. ಡಂಕನ್ ಮತ್ತೆ ಕೂಗಿದ.

"ನನ್ ಕೈಲಾಗಲ್ಲ" ಎಂದ ಎಕ್. "ಕೈ ನಡುಗ್ತದೆ."

ಬದುಕೆಲ್ಲ ಬಲೆಯ ಹಗ್ಗ ಎಳೆದ ಕೈ. ಟೀ ಕಪ್ಪು ಎತ್ತುವಾಗ ಒಂದು ಹನಿ ಚೆಲ್ಲಿದ್ದನ್ನು ನಾನು ನೋಡಿಲ್ಲ. ಅವನು ಜೇಬಿನಿಂದ ಚೀಟಿ ತೆಗೆದು ಹಿಂದಕ್ಕೆ ಚಾಚಿದ, ನನ್ನ ಮುಖ ನೋಡದೆ. "ಬಾ ಹುಡುಗಿ. ತಲೇದು ಕೊಡೋಕೆ ನನ್ ಹತ್ರ ಇಲ್ಲ. ಇದಿದೆ."

ಡಂಕನ್ ನಾರ್ಮನ್ ಕಡೆ ನೋಡಿದ. ನಾರ್ಮನ್ ತನ್ನ ಶೂ ನೋಡಿಕೊಂಡು, ಆಗಲಿ ಎಂಬಂತೆ ತಲೆಯಾಡಿಸಿದ. ನಾನು ಗುಂಡಿಯ ಈ ತುದಿಗೆ ಹೋಗಿ ನಿಂತೆ. ಕೈಯಲ್ಲಿ ಹಗ್ಗ, ಎದುರಿಗೆ ಗಿಬ್ಬಿಯ ಹೆಸರು, ಅದರ ಮುಂದೆ ಅವನನ್ನು ಕಂಡೇ ಇಲ್ಲದ ಒಬ್ಬ ಮನುಷ್ಯ.

ಡಂಕನ್ ಉಳಿದ ಆರು ಅಂಕಿಯನ್ನೂ ಕೂಗಿದ, ಪೆಟ್ಟಿಗೆಯ ಕೆಳಗಿನ ಮರದ ತುಂಡು ಎಳೆದರು, ಭಾರ ಬಂತು. ನಿಜವಾದ ಭಾರ. ಹಗ್ಗ ಅಂಗೈಯನ್ನು ಕೊರೆಯಿತು. ಆ ಭಾರ ನನಗೆ ಗೊತ್ತಿತ್ತು. ದಿನಾ ಮಧ್ಯಾಹ್ನ ನನ್ನ ಮಡಿಲ ಮೇಲೆ ಇರುತ್ತಿದ್ದುದೇ ಅದು. ಈ ತುದಿಯಲ್ಲಿರುವುದು ಅವಳ ಕಾಲು, ನಾನು ಹಾಕಿದ ಕಾಲುಚೀಲದೊಳಗೆ. ಕ್ಷಮಿಸೇ ಮೈಸಿ, ತಲೆಯದು ಸಿಗಲಿಲ್ಲ, ಕಾಲಿನದು ಸಿಕ್ಕಿತು ಎಂದು ಮನಸ್ಸಿನಲ್ಲೇ ಹೇಳಿದೆ. ನಿಧಾನವಾಗಿ ಬಿಡುತ್ತ ಹೋದೆ. ಪೆಟ್ಟಿಗೆ ತಳ ಮುಟ್ಟಿತು.

ನಾರ್ಮನ್ ತನ್ನ ಹಗ್ಗವನ್ನು ಬಿಟ್ಟ. ಉಳಿದವರೂ ಬಿಟ್ಟರು, ಒಂದೊಂದೇ ಹಗ್ಗ ಮರದ ಮೇಲೆ ಬಿದ್ದ ಸದ್ದು ಕೇಳಿತು. ನನ್ನದು ಕೈಯಲ್ಲೇ ಇತ್ತು. ಎಲ್ಲರೂ ಕಾಯುತ್ತಿದ್ದರು. ಗುಡ್ಡದ ಕೆಳಗೆ ಬಂದರು, ಬಂದರಿನಲ್ಲಿ ಅವಳ ಅಂಗಡಿ, ಪರದೆ ಇಳಿಸಿಕೊಂಡು.

"ಬಿಡು ಎಪ್ಪಿ, ಸಾಕು" ಎಂದ ಡಂಕನ್ ಮೆತ್ತಗೆ.

ಬಿಡಲಿಲ್ಲ. ಗಂಟೆ ಕಿಣಿ ಎನ್ನಲಿ, ಯಾರೋ ಬಂದ್ರು ಅಂಗಡಿಗೆ ಎಂದು ಅವಳೇ ಹೇಳಲಿ, ಕಾಲು ಅವಳೇ ಎಳೆದುಕೊಳ್ಳಲಿ ಎಂದು ಕಾದೆ. ಗಾಳಿ ಬೀಸುತ್ತಿತ್ತು. ಅವಳು ಹೇಳಲಿಲ್ಲ. ಆಮೇಲೆ ಬಿಟ್ಟೆ.