ಒಂಬತ್ತಕ್ಕೆ ನಿಂತ ಬೋರ್ಡು

ಬಲೆ ಇನ್ನೂ ಅಲುಗುತ್ತಿದೆ, ಚೆಂಡು ಒಳಗೆ ಬಂದು ಬಿದ್ದು ಎಷ್ಟು ಹೊತ್ತಾಯಿತು, ಆದರೂ ಬಲೆಯ ಆ ಮೂಲೆ ಸಣ್ಣಗೆ ನಡುಗುತ್ತಲೇ ಇದೆ, ಮತ್ತು ಅವಳು ಬಗ್ಗುತ್ತಿದ್ದಾಳೆ, ನಮ್ಮಕ್ಕನ ಮಗಳು, ನೀಲಿ ತಂಡದ ಗೋಲ್‌ಕೀಪರು, ಹಳದಿ ಗ್ಲೌಸಿನ ಎರಡೂ ಕೈಯಿಂದ ಚೆಂಡನ್ನು ಬಲೆಯಿಂದ ಬಿಡಿಸಿಕೊಳ್ಳುತ್ತಿದ್ದಾಳೆ, ಗ್ಲೌಸಿನ ತುದಿಗಳು ಚೆಂಡಿಗೆ ತಗುಲಿ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಅಲ್ಲಿ ಒಳಗೆ ಬೆರಳಿಲ್ಲ, ಖಾಲಿ — ನಾನೇ ಕೊಡಿಸಿದ್ದು, ಅವಳ ಹುಟ್ಟಿದ ದಿನಕ್ಕೆ, ಅಂಗಡಿಯವನು ಒಂದು ಸೈಜು ಕಮ್ಮಿ ತಗೊಳ್ಳಿ ಮೇಡಂ ಅಂದ, ಬೇಡಪ್ಪ, ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗ್ಲಿ ಅಂದೆ, ನಮ್ಮ ಮನೆಯಲ್ಲಿ ಎಲ್ಲವನ್ನೂ ಮುಂದಿನ ವರ್ಷಕ್ಕೇ ಕೊಳ್ಳುವುದು, ಶೂ, ಸ್ವೆಟರು, ಯೂನಿಫಾರಂ, ಮಕ್ಕಳು ಒಂದು ವರ್ಷ ಅದರೊಳಗೆ ಈಜಾಡುತ್ತವೆ, ಅಳತೆಗೆ ಬರುವ ಹೊತ್ತಿಗೆ ಹರಿದಿರುತ್ತದೆ. ಇದು ಒಂಬತ್ತನೆಯ ಗೋಲು. ಎಂಟನ್ನು ಇಳಿಸಿ ತಗಡಿನ ಒಂಬತ್ತನ್ನು ಮೊಳೆಗೆ ಸಿಕ್ಕಿಸಬೇಕು, ಸಿಕ್ಕಿಸಿದೆ, ಪಕ್ಕದಲ್ಲಿ ಅವಳ ತಂಡದ ಸೊನ್ನೆ ಹಾಗೇ ಇದೆ, ಅದನ್ನು ಆಟ ಶುರುವಾದಾಗಿನಿಂದ ಮುಟ್ಟಿಲ್ಲ.

ಈ ಕೆಲಸ ನಾನು ಕೇಳಿ ಪಡೆದದ್ದಲ್ಲ, ಬೋರ್ಡಿಗೆ ಯಾರಾದರೂ ಒಬ್ಬ ಹುಡುಗಿಯ ಅಪ್ಪನೋ ಅಮ್ಮನೋ ನಿಲ್ಲಬೇಕು ಅನ್ನುವುದು ಇಲ್ಲಿಯ ವಾಡಿಕೆ, ಬೆಳಗ್ಗೆ ನಮ್ಮ ಕೋಚ್ ಸರ್ ತಗಡುಗಳ ಚೀಲವನ್ನು ನನ್ನ ಕೈಗೆ ಕೊಟ್ಟರು, ಮೇಡಂ ನೀವು ಹೇಗೂ ಕ್ಲಿನಿಕ್ಕಲ್ಲಿ ಟೋಕನ್ ನಂಬರು ಕರೀತೀರಲ್ಲ, ನಿಮಗೆ ಅಭ್ಯಾಸ, ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಕೆಂಪು ತಂಡದ ಮುಖ್ಯ ಹುಡುಗಿಯ ಅಮ್ಮ ಅನ್ನುವ ಜಂಬ ಒಂದಿಷ್ಟು ಇರಲಿಲ್ಲ ಅಂತಲ್ಲ. ಕ್ಲಿನಿಕ್ಕಿನಲ್ಲಿ ನಂಬರು ನನ್ನ ಮಾತು ಕೇಳುತ್ತದೆ, ಜ್ವರದ ಮಗುವನ್ನು ಎತ್ತಿಕೊಂಡು ಯಾರಾದರೂ ಬಂದರೆ ಮುಂದಿನ ನಂಬರನ್ನು ಕರೆಯದೆ ಸ್ವಲ್ಪ ಹೊತ್ತು ಹಿಡಿದಿಟ್ಟು ಅವರನ್ನು ಒಳಗೆ ಕಳಿಸುತ್ತೇನೆ, ಕಾಯುತ್ತಿರುವವರು ಗೋಡೆಯ ಮೇಲಿನ ಕೆಂಪು ಅಂಕಿಯನ್ನೇ ನೋಡುತ್ತಿರುತ್ತಾರೆ, ಅದು ಕದಲದಿದ್ದರೆ ಅವರೂ ಕದಲುವುದಿಲ್ಲ, ಯಾರಿಗೂ ನಷ್ಟವಿಲ್ಲ, ಡಾಕ್ಟರಿಗಂತೂ ಗೊತ್ತೇ ಆಗುವುದಿಲ್ಲ. ಇಲ್ಲಿ ಬೋರ್ಡನ್ನು ಗೋಲಿನ ಹಿಂದೆಯೇ ನಿಲ್ಲಿಸಿದ್ದಾರೆ, ನಾನು ಸ್ಟೂಲಿನ ಮೇಲೆ, ನನ್ನ ಮುಂದೆ ಬಲೆ, ಬಲೆಯ ಮುಂದೆ ಅಕ್ಕನ ಮಗಳ ಬೆನ್ನು, ಆ ಬೆನ್ನಿನಾಚೆಯಿಂದ ಜುಟ್ಟು ಹಾರಿಸಿಕೊಂಡು ಓಡಿ ಬರುವುದು ನನ್ನ ಮಗಳು, ಪ್ರತಿ ಸಲವೂ ನೇರ ನನ್ನ ಕಡೆಗೇ ಬರುವ ಹಾಗೆ, ಮೂರು ವರ್ಷದವಳಿದ್ದಾಗ ಗೇಟಿನಿಂದ ಬಾಗಿಲಿಗೆ ಓಡಿ ಬರುತ್ತಿದ್ದ ಹಾಗೆಯೇ, ಅಷ್ಟೇ ನಗು, ಮಧ್ಯದಲ್ಲಿ ಇನ್ನೊಂದು ಮಗು ಕೈ ಚಾಚಿ ನಿಂತಿರುವುದನ್ನು ಬಿಟ್ಟರೆ.

ರಾತ್ರಿ ಅಕ್ಕ ಫೋನ್ ಮಾಡಿದ್ದಳು, ಕೀಪರ್ ಹುಡುಗಿಗೆ ಕಾಲು ಉಳುಕಿದೆಯಂತೆ ಕಣೇ, ಯಾರೂ ನಿಲ್ಲಕ್ಕೆ ಒಪ್ಪಲಿಲ್ಲ, ನಮ್ಮವಳು ನಾನು ನಿಲ್ತೀನಿ ಅಂದ್ಬಿಟ್ಟಿದಾಳೆ, ನಂಗೆ ಚಿಕ್ಕಮ್ಮ ಕೊಡಿಸಿರೋ ಗ್ಲೌಸ್ ಇದೆ ಅಂತ, ನಿನ್ನ ಮಗಳಿಗೆ ಸ್ವಲ್ಪ ಹೇಳೇ, ಮೆಲ್ಲಗೆ ಹೊಡೀಲಿ, ಅಂತ ನಗುತ್ತಲೇ ಅಂದಳು, ನಗು ಅರ್ಧ, ಕೋರಿಕೆ ಅರ್ಧ, ಅಕ್ಕ ಏನನ್ನೂ ನೇರ ಕೇಳಿದವಳಲ್ಲ. ಹೇಳಿದೆ, ಹೇಳಲಿಲ್ಲ ಅಂತಲ್ಲ, ಹಲ್ಲುಜ್ಜುತ್ತಿದ್ದ ಮಗಳು ಬಾಯಿ ತುಂಬ ನೊರೆ ಇಟ್ಟುಕೊಂಡೇ, ಮೆಲ್ಲಗೆ ಹೊಡೆದ್ರೆ ಅಕ್ಕಂಗೆ ಗೊತ್ತಾಗುತ್ತಮ್ಮ, ಕೊಂದೇ ಹಾಕ್ತಾಳೆ ನನ್ನ, ಅಂದಳು. ಅಕ್ಕನ ಮಗಳು ಇವಳಿಗಿಂತ ಮೂರೇ ತಿಂಗಳಿಗೆ ದೊಡ್ಡವಳು, ಆದರೂ ಬಾಯಿ ತುಂಬ ಅಕ್ಕ ಅನ್ನುತ್ತಾಳೆ. ಬೆಳಗ್ಗೆ ಅಕ್ಕನ ಕಾರಿನಲ್ಲೇ ನಾವು ನಾಲ್ವರೂ ಬಂದದ್ದು, ಹಿಂದಿನ ಸೀಟಿನಲ್ಲಿ ಕೆಂಪು ಅಂಗಿ ನೀಲಿ ಅಂಗಿ ಒಂದಕ್ಕೊಂದು ಒರಗಿಕೊಂಡು, ಒಂದೇ ಇಯರ್‌ಫೋನಿನ ಎರಡು ತುದಿ ಇಬ್ಬರ ಕಿವಿಯಲ್ಲಿ, ಅದೇ ಕಾರಿನಲ್ಲಿ ವಾಪಸ್ಸೂ ಹೋಗಬೇಕು. ಅಯ್ಯೋ, ಅದೇ ಕಾರಿನಲ್ಲೇ ಹೋಗಬೇಕು. ಆ ಹಿಂದಿನ ಸೀಟಿನಲ್ಲಿ ಇಬ್ಬರೂ ಬೆಳಗ್ಗಿನ ಹಾಗೆ ಕೂತರೆ ಸಾಕು, ನನಗೆ ಬೇರೇನೂ ಬೇಡ, ಫೈನಲ್ಲೂ ಬೇಡ ಕಪ್ಪೂ ಬೇಡ — ಬಂತು, ಮತ್ತೆ ಬಂತು ಚೆಂಡು, ನನ್ನ ಮಗಳದಲ್ಲ, ಇನ್ನೊಬ್ಬಳು ಉದ್ದ ಕಾಲಿನವಳು ಹೊಡೆದದ್ದು, ಅಕ್ಕನ ಮಗಳು ಹಾರಿದಳು, ಮುಟ್ಟಿದಳು ಕೂಡ, ನಾನು ಕಣ್ಣಾರೆ ಕಂಡೆ, ಗ್ಲೌಸಿನ ಖಾಲಿ ತುದಿಗೆ ತಗುಲಿತು, ತುದಿ ಮಡಚಿತು, ಚೆಂಡು ಒಳಗೆ ಹೋಯಿತು.

ಹತ್ತು. ಚೀಲಕ್ಕೆ ಕೈ ಹಾಕಿದೆ, ಒಂದರ ತಗಡು ಬೆರಳಿಗೆ ಸಿಕ್ಕಿತು, ತಣ್ಣಗಿತ್ತು, ಹಾಗೇ ಬಿಟ್ಟೆ. ಒಂಬತ್ತಾದರೆ ಒಂದೇ ಅಂಕಿ, ಅವಳದೂ ಒಂದೇ ಅಂಕಿ, ನೋಡುವುದಕ್ಕೆ ಏನೋ ಜೋಡಿ ಅನ್ನಿಸುತ್ತದೆ, ಹತ್ತಕ್ಕೆ ಎರಡು ತಗಡು ಬೇಕು, ಎರಡಂಕಿಗೆ ಬಂದರೆ ಅದು ಹೊಡೆತ, ಮಕ್ಕಳು ನಾಳೆ ಸ್ಕೂಲಿನಲ್ಲಿ ಹಾಡು ಕಟ್ಟಿಬಿಡುತ್ತಾರೆ, ಲೆಕ್ಕ ಹೇಗೂ ರೆಫ್ರಿ ಹತ್ತಿರ ಇರುತ್ತದೆ, ಬೋರ್ಡು ನೋಡುವವರಿಗೆ ಅಷ್ಟೇ, ಸ್ವಲ್ಪ ಹೊತ್ತು ಹಿಡಿದಿಟ್ಟರೆ ಯಾರಿಗೂ ನಷ್ಟವಿಲ್ಲ. ರೆಫ್ರಿ ಓಡುತ್ತ ಓಡುತ್ತ ಬೋರ್ಡಿನ ಕಡೆ ನೋಡಿದರು, ಒಂಬತ್ತು ಕಂಡಿತು, ನನ್ನ ಮುಖ ಕಂಡಿತು, ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋದರು, ಪಾಪ ಒಳ್ಳೆಯ ಮನುಷ್ಯ ಅಂದುಕೊಂಡೆ, ನಾನೂ ಒಳ್ಳೆಯವಳೇ ಅಂದುಕೊಂಡೆ. ಆಚೆ ಮೂಲೆಯಲ್ಲಿ ಮಡಚು ಕುರ್ಚಿಯ ಮೇಲೆ ಅಕ್ಕ, ಮಡಿಲಲ್ಲಿ ನೀರಿನ ಬಾಟಲಿ, ಮೊದಲ ಗೋಲಿಗೆ ಅವಳೇ ಎದ್ದು ನಿಂತು ನನ್ನ ಮಗಳಿಗೆ ಚಪ್ಪಾಳೆ ತಟ್ಟಿದಳು, ಎರಡನೆಯದಕ್ಕೂ ತಟ್ಟಿದಳು, ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುವುದೊಂದೇ ಕೆಲಸ. ಅವಳೂ ಬೋರ್ಡು ನೋಡಿದಳು, ನನ್ನನ್ನು ನೋಡಿದಳು, ತಲೆ ಅತ್ತಿತ್ತ ಆಡಿಸಿದಳು, ಹಾಕಬೇಡ, ಹಾಗೇ ಇರ್ಲಿ ಅಂತ, ಅಲ್ಲ, ಹಾಗಂತ ನಾನು ಓದಿಕೊಂಡೆ, ಹಾಗೆ ತಡೆದಿಡಬೇಡ ಅಂತಲೂ ತಲೆ ಆಡುವುದು ಹಾಗೆಯೇ ತಾನೆ. ಸಣ್ಣವರಿದ್ದಾಗ ಬೀದಿಯ ಈ ತುದಿಯಿಂದ ಆ ತುದಿಗೆ ಓಟದ ಪಂದ್ಯ ಇಟ್ಟರೆ ಅಕ್ಕ ಯಾವಾಗಲೂ ಸೋಲುತ್ತಿದ್ದಳು, ಕಾಲು ನೋವು, ಚಪ್ಪಲಿ ಜಾರ್ತು, ಏನಾದರೊಂದು, ಒಂದು ದಿನ ಹಾಲಿನವನ ಸೈಕಲ್ಲಿನ ಹಿಂದೆ ಅವಳು ಓಡಿದ್ದನ್ನು ನೋಡಿದೆ, ಗಾಳಿ, ಗಾಳಿಯೇ ಅವಳು, ಆವತ್ತು ಮನೆಗೆ ಬಂದು ಅವಳ ಚಪ್ಪಲಿ ಎರಡನ್ನೂ ತಾರಸಿಯ ಮೇಲಕ್ಕೆ ಎಸೆದೆ, ನಿನ್ನ ಗೆಲ್ಲಿಸಿದ್ದು ತಪ್ಪಾ ಅಂತ ಅವಳು, ಹೌದು ತಪ್ಪು ಅಂತ ನಾನು, ಊಟ ಬಿಟ್ಟು ಅತ್ತೆ. ಅದೆಲ್ಲ ಗೊತ್ತಿದ್ದೂ ಕೈ ಚೀಲದಿಂದ ಮೇಲಕ್ಕೇಳಲಿಲ್ಲ.

ಆದರೆ ಇದೇನಾಯಿತು, ಹುಡುಗಿಯರಿಗೆ ಏನು ಹುಚ್ಚು ಹಿಡಿಯಿತು, ನಾನು ತಡೆದಷ್ಟೂ ಇವರು ಜೋರಾಗುತ್ತಿದ್ದಾರೆ, ಹನ್ನೊಂದು, ಹನ್ನೆರಡು, ಒಂದಾದ ಮೇಲೆ ಒಂದು, ಮೊದಲು ನಗುತ್ತ ಹೊಡೆಯುತ್ತಿದ್ದವರು ಈಗ ಹಲ್ಲು ಕಚ್ಚಿ ಹೊಡೆಯುತ್ತಿದ್ದಾರೆ, ಗೋಲಾದರೂ ಕುಣಿತವಿಲ್ಲ, ಬೋರ್ಡಿನ ಕಡೆ ಒಮ್ಮೆ ನೋಡುವುದು, ಓಡುವುದು, ಮತ್ತೆ ಚೆಂಡು ಕಿತ್ತುಕೊಂಡು ಬರುವುದು, ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ, ಇಲ್ಲಿ ಬೆಕ್ಕಿಗೂ ಆಟವಾಗಿ ಕಾಣುತ್ತಿಲ್ಲ. ನೀಲಿ ಅಂಗಿಯವರು ಓಡುವುದನ್ನೇ ಬಿಟ್ಟಿದ್ದಾರೆ, ಒಬ್ಬಳು ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡುತ್ತಿದ್ದಾಳೆ, ಅಕ್ಕನ ಮಗಳು ಮಾತ್ರ ಪ್ರತಿ ಸಲ ಹಾರುತ್ತಾಳೆ, ಬೀಳುತ್ತಾಳೆ, ಮೊಣಕೈ ಕೆಂಪಾಗಿದೆ, ಎದ್ದು ಬಲೆಯ ಹತ್ತಿರ ಬಂದು ಬಗ್ಗುತ್ತಾಳೆ, ಮೂಗು ಏರಿಸುವ ಸದ್ದು ನನಗೆ ಕೇಳಿಸುವಷ್ಟು ಹತ್ತಿರ, ಖಾಲಿ ತುದಿಗಳು ಮಡಚುತ್ತವೆ, ಬಿಚ್ಚಿಕೊಳ್ಳುತ್ತವೆ. ಪುಟ್ಟೀ, ನೀರು ಬೇಕಾ ಅಂದೆ. ಬೇಡ ಚಿಕ್ಕಮ್ಮ. ನೋಯ್ತಿದೆಯಾ. ಇಲ್ಲ ಚಿಕ್ಕಮ್ಮ. ನನ್ನ ಮಗಳ ಮೇಲೆ ಸಿಟ್ಟು ಬರುತ್ತಿದೆ, ಇಷ್ಟು ವರ್ಷ ಇಂಥವಳನ್ನಾ ನಾನು ಬೆಳೆಸಿದ್ದು, ಸಾಕು ಬಿಡೇ ಅಂತ ಕೂಗಬೇಕು, ಬೋರ್ಡಿನವರು ಆಟದವರಿಗೆ ಕೂಗಿ ಹೇಳಬಾರದು ಅನ್ನುವ ನಿಯಮ, ಕೋಚ್ ಸರ್ ಎಲ್ಲಿ, ಸರ್ ಇಲ್ಲ, ಗೋಡೆಯಾಚೆ ಹುಡುಗರ ಆಟ ನಡೆಯುತ್ತಿದೆ, ಎರಡಕ್ಕೂ ಅವರೊಬ್ಬರೇ, ಅತ್ತ ಹೋದವರು ಇನ್ನೂ ಬಂದಿಲ್ಲ.

ಹದಿನಾರನೆಯದು ಕಂಬಕ್ಕೆ ಬಡಿದು ಒಳಗೆ ಹೋಗಿ ಬಲೆಯ ತೂತಿನಿಂದ ಹಾರಿ ನನ್ನ ಸ್ಟೂಲಿನ ಹತ್ತಿರ ಬಂತು, ತೆಗೆದುಕೊಳ್ಳಲು ನನ್ನ ಮಗಳೇ ಓಡಿ ಬಂದಳು, ಮುಖವೆಲ್ಲ ಬೆವರು, ಕಣ್ಣಲ್ಲಿ ನೀರು, ಅಮ್ಮ, ಇನ್ನೂ ಒಂಬತ್ತೇನಾ. ಯಾಕೇ ಹೀಗೆ ಹೊಡೀತಿದೀರಾ, ನಾಚಿಕೆ ಆಗಲ್ವಾ, ಅಂದೆ ನಾನು, ಹಲ್ಲು ಕಚ್ಚಿಕೊಂಡು. ಹನ್ನೆರಡು ಬೇಕಮ್ಮ ಫೈನಲ್ಲಿಗೆ, ಒಟ್ಟು ಗೋಲ್ ಜಾಸ್ತಿ ಇರೋ ಟೀಮೇ ಹೋಗೋದು, ಹನ್ನೆರಡು ಆದ ತಕ್ಷಣ ನಿಲ್ಲಿಸ್ಬೇಕು, ಆಮೇಲೆ ಗೋಲ್ ಕಡೆ ತಲೆ ಹಾಕಬಾರದು, ಎದುರಿನವರೂ ಮಕ್ಕಳೇ, ಮರ್ಯಾದೆ ಇರಲಿ ಅಂತ ಸರ್ ಹೇಳಿದಾರೆ, ನೀವು ಎಣಿಸಕ್ಕೆ ಹೋಗ್ಬೇಡಿ, ಗಲಾಟೆಯಲ್ಲಿ ತಪ್ಪುತ್ತೆ, ಬೋರ್ಡು ನೋಡಿಕೊಂಡು ಆಡಿ ಅಂದ್ರು, ನೀನು ಹಾಕ್ತಾನೇ ಇಲ್ಲ, ರೆಫ್ರಿ ನಮ್ಮ ಗೋಲೆಲ್ಲ ಕ್ಯಾನ್ಸಲ್ ಮಾಡ್ತಿದಾರೆ ಅಂದ್ಕೊಂಡ್ವಿ ನಾವು, ಎಷ್ಟಾಯ್ತಮ್ಮ ನಿಜವಾಗ್ಲೂ. ಸರ್ ಅದನ್ನು ಯಾವಾಗ ಹೇಳಿದರು, ನಾನು ಸ್ಟೂಲು ತರಲು ಆಫೀಸು ರೂಮಿಗೆ ಹೋಗಿದ್ದಾಗಲೇ ಇರಬೇಕು, ಹನ್ನೆರಡಕ್ಕೆ ನಿಲ್ಲಬೇಕಾಗಿದ್ದದ್ದು, ನಾನು ಹಿಡಿದಿಟ್ಟ ಒಂಬತ್ತು, ಕಾಯುವವರು ಅಂಕಿಯನ್ನೇ ನೋಡುತ್ತಾರೆ, ಅದು ಕದಲದಿದ್ದರೆ — ಉತ್ತರ ಬಲೆಯ ಆಚೆಯಿಂದ ಬಂತು, ಹದಿನಾರು, ನಾನು ಎಣಿಸಿದೀನಿ, ಹತ್ತರಿಂದ ನೀವು ಹಾಕೇ ಇಲ್ಲ ಚಿಕ್ಕಮ್ಮ, ಅಂದಳು ಅಕ್ಕನ ಮಗಳು, ತಿರುಗಿಯೂ ನೋಡದೆ, ಸರಿಯಾಗಿ ಹಾಕಿ.

ಹಾಕಿದೆ. ಒಂದು, ಪಕ್ಕದಲ್ಲಿ ಆರು, ಅವಸರದಲ್ಲಿ ಆರು ಒಮ್ಮೆ ತಲೆಕೆಳಗಾಯಿತು, ಮತ್ತೆ ಸರಿ ಮಾಡಿದೆ, ತಗಡು ಬೋರ್ಡಿಗೆ ಬಡಿದ ಸದ್ದಿಗೆ ಮೈದಾನವೆಲ್ಲ ಇತ್ತ ತಿರುಗಿತು, ಒಂಬತ್ತರಿಂದ ಒಂದೇ ಏಟಿಗೆ ಹದಿನಾರು, ಯಾರೋ ಸಿಳ್ಳೆ ಹಾಕಿದರು, ಯಾರೋ ಹೋ ಅಂದರು, ಒಂದೊಂದಾಗಿ ಬಂದಿದ್ದರೆ ಇಷ್ಟು ಸದ್ದಾಗುತ್ತಿರಲಿಲ್ಲ. ಅಕ್ಕ ಕುರ್ಚಿಯಿಂದ ಎದ್ದಿದ್ದಾಳೆ, ಬಾಟಲಿ ಕೆಳಗೆ ಬಿದ್ದಿದೆ, ಎತ್ತಿಕೊಳ್ಳುತ್ತಿಲ್ಲ. ಕೆಂಪು ಅಂಗಿಯವರು ಬೋರ್ಡು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸರ್ ಹೇಳಿದ್ದು ನೆನಪಾಯಿತು ಪಾಪ, ಈಗ ಗೋಲಿಗೆ ಹೊಡೆಯುತ್ತಿಲ್ಲ, ಚೆಂಡನ್ನು ಅವಳು ಇವಳಿಗೆ, ಇವಳು ಅವಳಿಗೆ, ಸುತ್ತ ಸುತ್ತ, ನೀಲಿಯವರು ಮಧ್ಯದಲ್ಲಿ ಬರಿದೇ ನಿಂತು ಕತ್ತು ತಿರುಗಿಸುತ್ತಿದ್ದಾರೆ, ಜನ ನಗುತ್ತಿದ್ದಾರೆ, ಮರ್ಯಾದೆ ಅಂದರೆ ಇದೇನಾ, ಇದಕ್ಕಿಂತ ಹೊಡೆದದ್ದೇ ವಾಸಿಯಿತ್ತೇನೋ, ನನಗೆ ಗೊತ್ತಿಲ್ಲ, ನನಗೆ ಏನೂ ಗೊತ್ತಾಗುತ್ತಿಲ್ಲ, ರೆಫ್ರಿ ಸೀಟಿ ಊದಬಾರದೇ, ಊದುತ್ತಿಲ್ಲ, ಚೆಂಡು ಸುತ್ತಿ ಸುತ್ತಿ ನನ್ನ ಮಗಳ ಕಾಲಿಗೆ ಬಂತು, ಗೋಲಿನ ಎದುರಿಗೇ, ಮಧ್ಯೆ ಯಾರೂ ಇಲ್ಲ. ಅವಳು ನಿಂತಳು. ಹೊಡಿಯೇ, ಅಂದಳು ಅಕ್ಕನ ಮಗಳು. ನನ್ನ ಮಗಳು ಕದಲಲಿಲ್ಲ. ಪಾಪ ಅಂತ ಬಿಡ್ಬೇಡ ಕಣೇ, ಹೊಡಿ, ನಾನು ಹಿಡೀತೀನಿ, ಅಂದಳು ಮತ್ತೆ. ನನ್ನ ಮಗಳು ಅವಳನ್ನು ನೋಡುತ್ತಿಲ್ಲ, ಅವಳ ಹೆಗಲಾಚೆ ನನ್ನನ್ನು ನೋಡುತ್ತಿದ್ದಾಳೆ, ಏನ್ ಮಾಡ್ಲಮ್ಮ, ತುಟಿ ಅಲುಗಿದ್ದು ಕಾಣುತ್ತಿದೆ, ಹೂಂ ಅಂದರೆ ಹದಿನೇಳು, ಊಹೂಂ ಅಂದರೆ ಅಕ್ಕನ ಚಪ್ಪಲಿ, ತಾರಸಿ, ಅಳು, ಕಾರಿನ ಹಿಂದಿನ ಸೀಟು, ಮೇಲಕ್ಕೂ ಆಡದ ಪಕ್ಕಕ್ಕೂ ಆಡದ ಈ ತಲೆಯನ್ನು ಏನು ಮಾಡಲಿ, ಏಳರ ತಗಡು ಯಾವಾಗ ನನ್ನ ಕೈಗೆ ಬಂತೋ ಗೊತ್ತಿಲ್ಲ, ಅಂಚು ಅಂಗೈಗೆ ಒತ್ತುತ್ತಿದೆ, ಮತ್ತು ನನ್ನ ಕಣ್ಣ ಮುಂದೆ ಚಾಚಿಕೊಂಡ ಎರಡು ಹಳದಿ ಗ್ಲೌಸು, ಬೆರಳೆಲ್ಲ ಅಗಲ ಅಗಲ, ಬೆರಳು ಮುಗಿದ ಮೇಲೂ ಮುಗಿಯದ ಆ ಹಳದಿ, ಮುಂದಿನ ವರ್ಷಕ್ಕೆ ಅಂತ ಬಿಟ್ಟ ಜಾಗ, ಖಾಲಿ ತುದಿಗಳು, ಗಾಳಿಗೆ ಸಣ್ಣಗೆ ಹಿಂದಕ್ಕೆ ಮಡಚುತ್ತ, ಖಾಲಿ ತುದಿಗಳು